ಬೀದಿ ಕೋಣೆಯ ಮೇಡಂ

ಖೈರುನ್ನಿಸಾ ಮೇಡಂ ನಮ್ಮ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ದಿನ ಮೊದಲು ಮಾಡಿದ ಕೆಲಸವೆಂದರೆ ಎಲ್ಲ ತರಗತಿಗಳಿಗೂ ಹೋಗಿ ಉಪಾಧ್ಯಾಯರ ಕುರ್ಚಿಗಳ ಮೇಲೆ ಒಂದೊಂದಾಗಿ ಕೂತು ನೋಡಿದ್ದು. ಎತ್ತರದ, ದಪ್ಪನೆಯ ಹೆಂಗಸು. ಮೆಲ್ಲಗೆ ಕೂರುತ್ತಿರಲಿಲ್ಲ, ಮೈಭಾರವನ್ನೆಲ್ಲ ಒಮ್ಮೆಗೇ ಬಿಟ್ಟುಬಿಡುತ್ತಿದ್ದರು. ಎಂಟನೇ ತರಗತಿಯ ಕುರ್ಚಿ ಕಾಲು ಚಾಚಿ ಮಲಗಿಬಿಟ್ಟಿತು. ನಾವು ಮೂವರು ಉಪಾಧ್ಯಾಯಿನಿಯರು ಸೇರಿ ಅವರನ್ನು ನೆಲದಿಂದ ಎಬ್ಬಿಸಬೇಕಾಯಿತು. ಎದ್ದವರು ಸೀರೆ ಕೊಡವಿಕೊಂಡು ನಕ್ಕರು.

"ಒಳ್ಳೇದೇ ಆಯ್ತು ಬಿಡಿ. ನೀವ್ಯಾರಾದ್ರೂ ಮಕ್ಕಳ ಮುಂದೆ ಬೀಳೋದು ತಪ್ತು. ನನ್ನ ತಡ್ಕೊಂಡ ಕುರ್ಚಿ ನಿಮ್ಮನ್ನ ಯಾರನ್ನೂ ಬೀಳ್ಸಲ್ಲ."

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹತ್ತಿರವಿದ್ದ ಒಂದು ಖಾಸಗಿ ಪ್ರೌಢಶಾಲೆ. ಸುತ್ತಲೂ ಹಳೆಯ ಮೋಟಾರು ಬಿಡಿಭಾಗಗಳ ಅಂಗಡಿಗಳು. ನಾನು ಅಲ್ಲಿ ಗಣಿತದ ಉಪಾಧ್ಯಾಯಿನಿ. ವಿಮಾನಪುರದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ನನ್ನ ತಂದೆ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ನಮ್ಮ ಮನೆಯವರೆಲ್ಲ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬೆಳೆದವರು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ ಕವಾಯತಿನಲ್ಲಿ ಆದೇಶ ಕೂಗುವ ಕೆಲಸ ನನಗೇ ಸಿಕ್ಕಿತ್ತು. ಹಾಗಾಗಿ ಯಾರನ್ನೇ ಆಗಲಿ ನಾನು ಮೊದಲು ಅಳೆಯುತ್ತಿದ್ದುದು ಹೊತ್ತಿಗೆ ಸರಿಯಾಗಿ ಬರುತ್ತಾರೋ ಇಲ್ಲವೋ ಎಂಬುದರಿಂದ. ಮೇಡಂ ನನಗಿಂತಲೂ ಮುಂಚೆ ಬರುತ್ತಿದ್ದರು. ಅಷ್ಟರ ಮಟ್ಟಿಗೆ ನನಗೆ ಹಿಡಿಸಿದರು. ಆದರೆ ಮುಂಚೆ ಬಂದು ಅವರು ಮಾಡುತ್ತಿದ್ದ ಕೆಲಸಗಳನ್ನು ಕಂಡು, ಇವರು ಶಾಲೆ ನಡೆಸಲು ಬಂದಿದ್ದಾರೋ ಕಟ್ಟಡ ಕೊಳ್ಳಲು ಬಂದಿದ್ದಾರೋ ಎಂದು ಅನುಮಾನ ಬರುತ್ತಿತ್ತು.

ಸ್ವಿಚ್ ಬೋರ್ಡುಗಳ ಹತ್ತಿರ ಹೋಗಿ ಮೂಗು ಚಾಚಿ ಮೂಸುತ್ತಿದ್ದರು. ತಂತಿ ಒಳಗೆ ಸುಡುತ್ತಿದ್ದರೆ ಮೊದಲು ವಾಸನೆಯೇ ಹೇಳುತ್ತದೆ ಎನ್ನುವುದು ಅವರ ಲೆಕ್ಕ. ಫ್ಯಾನಿನ ಕೆಳಗೆ ನಿಂತು ತಲೆಯೆತ್ತಿ ಕೊಕ್ಕೆ ನೋಡುತ್ತಿದ್ದರು. ಕಪ್ಪುಹಲಗೆ ಒರೆಸುವ ಒಣ ಡಸ್ಟರುಗಳನ್ನೆಲ್ಲ ವಾಪಸ್ಸು ತೆಗೆದುಕೊಂಡು ಪ್ರತಿ ಕೋಣೆಗೂ ಒಂದು ಒದ್ದೆ ಬಟ್ಟೆ ಕೊಡಿಸಿದರು. "ಸೀಮೆಸುಣ್ಣದ ಪುಡಿ ಹಲಗೆ ಮೇಲಿದ್ರೆ ಪಾಠ, ನಿಮ್ಮ ಎದೇಲಿದ್ರೆ ಕೆಮ್ಮು," ಎಂದರು.

ಮೊದಲ ಸಿಬ್ಬಂದಿ ಸಭೆಯಲ್ಲಿ ಅವರು ಪಠ್ಯಕ್ರಮದ ಸುದ್ದಿ ಎತ್ತಲಿಲ್ಲ. "ನಿಮಗೆಲ್ಲ ಎಲ್ಲೆಲ್ಲಿ ನೋವಿದೆ ಹೇಳಿ," ಎಂದರು. ಹಾವೇರಿ ಕಡೆಯ ಚನ್ನಬಸಪ್ಪ ಮೇಷ್ಟ್ರು ಕನ್ನಡ ಪಾಠ ಹೇಳುವವರು, ಬಾಯಿ ಸುಮ್ಮನಿರುವುದಿಲ್ಲ.

"ಏನ್ರೀ ಮೇಡಂ, ನಾವೇನ್ ದವಾಖಾನಿಗೆ ಬಂದೇವೇನ್ರೀ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. ನಕ್ಕು ಮುಗಿಸಿ ಹೇಳಿದರು: "ಫ್ಯಾಕ್ಟರೀಲಿ ಒಬ್ಬನ ಬೆರಳು ಹೋದ್ರೆ ಎಲ್ರಿಗೂ ಕಾಣುತ್ತೆ ಮೇಷ್ಟ್ರೇ. ಮಿಷಿನ್ನು ನಿಲ್ಲಿಸ್ತಾರೆ. ನಮ್ದು ಹಾಗಲ್ಲ. ಮೊದ್ಲು ಗಂಟಲು ಹೋಗುತ್ತೆ, ಆಮೇಲೆ ಸೊಂಟ, ಆಮೇಲೆ ತಾಳ್ಮೆ. ಅಷ್ಟೂ ಹೋದ್ಮೇಲೆ ಜನ ಬಂದು, ಈ ಮೇಷ್ಟ್ರಿಗೆ ಪಾಠ ಮಾಡಕ್ಕೇ ಬರಲ್ಲ ಅಂತಾರೆ."

ಆ ದಿನ ಯಾರೂ ನೋವು ಹೇಳಿಕೊಳ್ಳಲಿಲ್ಲ. ಹೇಳಿಸಿಕೊಳ್ಳುವ ದಾರಿ ಅವರಿಗೆ ಬೇರೆ ಗೊತ್ತಿತ್ತು.

ಚನ್ನಬಸಪ್ಪ ಮೇಷ್ಟ್ರ ವಿಷಯವನ್ನೇ ತೆಗೆದುಕೊಳ್ಳಿ. ಮಹಡಿಯ ತರಗತಿಗೆ ಅವರು ಯಾವತ್ತೂ ತಡ. ಸೋಮಾರಿ ಎಂದು ಶಾಲೆಯಲ್ಲಿ ಹೆಸರಾಗಿತ್ತು. ಸೋಮಾರಿತನ ಎಂದರೆ ನನಗೆ ಆಗದು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೇಡಂ ಅವರನ್ನು ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲಿನ ಕೆಳಗೆ ನಿಂತು ಅವರು ಹತ್ತುವುದನ್ನು ನೋಡಿದರು. ಮೇಷ್ಟ್ರು ಗೋಡೆಗೆ ಅಂಗೈ ಒತ್ತಿಕೊಂಡು, ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲು ಕೂಡಿಸಿ ನಿಂತು, ಮುಂದಿನದನ್ನು ಹತ್ತುತ್ತಿದ್ದರು. ಆ ಕಲ್ಲಿನ ಮೆಟ್ಟಿಲುಗಳು ಅಂಚಿನಲ್ಲಿ ಸವೆದು ನುಣುಪಾಗಿದ್ದವು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ.

"ಯಾವಾಗ ಬಿದ್ರಿ ಮೇಷ್ಟ್ರೇ?"

ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. "ಹ್ವಾದ ವರ್ಷ ಮಳಿಗಾಲದಾಗ್ರೀ. ಯಾರಿಗೂ ಹೇಳಿದ್ದಿಲ್ಲ. ಹುಡುಗ್ರು ನಕ್ಕಾರಂತ..."

ಅದೇ ವಾರ ಬೀದಿಯ ವೆಲ್ಡರನ್ನು ಕರೆಸಿ ಕಬ್ಬಿಣದ ಕಂಬಿ ಹಾಕಿಸಿದರು, ಮೆಟ್ಟಿಲಿನ ಅಂಚಿಗೆ ಉಳಿ ಹೊಡೆಸಿ ಒರಟು ಮಾಡಿಸಿದರು. ಮೇಷ್ಟ್ರು ಹೊತ್ತಿಗೆ ಸರಿಯಾಗಿ ತರಗತಿಯಲ್ಲಿರತೊಡಗಿದರು. ತಮಗಿದ್ದ ಆಟದ ಹೊತ್ತು ಹೋಯಿತು ಎಂದು ಮಹಡಿಯ ತರಗತಿಯವರು ಮಾತ್ರ ಬೇಜಾರು ಮಾಡಿಕೊಂಡರು.

ಮೇಡಂ ಕೋಲಾರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆ ಫ್ರೇಜರ್ ಟೌನಿನಲ್ಲಿ. ಕೂಡಿ ಕಳೆಯುವಾಗ ಬಾಯಲ್ಲಿ ದಖ್ಖನಿ ಬರುತ್ತಿತ್ತು. ಬೈಯುವಾಗ ಶುದ್ಧ ಕೋಲಾರದ ಕನ್ನಡ. ಮಧ್ಯಾಹ್ನದ ಊಟಕ್ಕೆ ಖಿಚಡಿ ತಂದರೆ ಡಬ್ಬಿಯನ್ನು ನಮ್ಮ ನಡುವೆ ಇಟ್ಟು, "ನಕ್ಕೋ, ಬೇಡ ಅನ್ನೋರಿಗೆ ನಾಳೆ ಎರಡು ಪಟ್ಟು," ಎಂದು ಹೆದರಿಸುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಕೋಣೆ ಹಂಚುವ ಒಂದು ಪದ್ಧತಿ ಇತ್ತು: ಗಂಟಲು ನೋಡಿ ಕೋಣೆ. ಸಣ್ಣ ದನಿಯವರಿಗೆ ಹಿಂದಿನ ಕೋಣೆಗಳು, ಗಟ್ಟಿ ದನಿಯವರಿಗೆ ಬೀದಿ ಕಡೆಯವು. ಎಲ್ಲಕ್ಕಿಂತ ಗಟ್ಟಿ ದನಿ ನನ್ನದು. ಆದ್ದರಿಂದ ಬೀದಿ ಮೂಲೆಯ ಕೋಣೆಯೂ, ಅದರಲ್ಲಿ ಕೂರುತ್ತಿದ್ದ ಹತ್ತನೇ ತರಗತಿಯೂ ನನ್ನ ಪಾಲು. ಯಾರಿಗೂ ಇದು ವಿಚಿತ್ರವೆನಿಸಿರಲಿಲ್ಲ. ನನಗಂತೂ ಅದೊಂದು ಹೆಮ್ಮೆ. ಆ ಕೋಣೆಯ ಕಿಟಕಿಗೆ ಎದುರಾಗಿ ಬಶೀರ್ ಎಂಬುವರ ಟಿಂಕರಿಂಗ್ ಶೆಡ್ ಇತ್ತು. ಗುದ್ದಿಸಿಕೊಂಡು ಡೊಂಕಾದ ಕಾರಿನ ಬಾಗಿಲು, ಮಡ್‌ಗಾರ್ಡುಗಳನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವ ಕೆಲಸ. ಬೆಳಿಗ್ಗೆ ನಮ್ಮ ಪ್ರಾರ್ಥನೆ ಮುಗಿಯುವುದೂ ಅವರ ಸುತ್ತಿಗೆ ಏಳುವುದೂ ಒಂದೇ ಹೊತ್ತಿಗೆ. ನಾನು ಅದರ ಮೇಲೆ ಕೂಗುತ್ತಿದ್ದೆ. ಊರಿನಲ್ಲಿ ಕಾರು ಹೆಚ್ಚಿದವು, ಬಶೀರರ ಕೆಲಸ ಹೆಚ್ಚಿತು, ನಾನೂ ದನಿ ಹೆಚ್ಚಿಸಿದೆ.

ಗಂಟಲು ಮೊದಲು ಸಂಜೆ ಮಾತ್ರ ಕಟ್ಟುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ ಕಟ್ಟತೊಡಗಿತು. ಬಿಸಿನೀರು, ಜ್ಯೇಷ್ಠಮಧು, ಉಪ್ಪಿನ ಮುಕ್ಕಳಿಕೆ, ಎಲ್ಲ ಆಯಿತು. ಶಾಲೆಯ ಗಣಿತದ ಫಲಿತಾಂಶ ಒಂದು ವರ್ಷ ಇಳಿಯಿತು, ಮರುವರ್ಷ ಇನ್ನೂ ಇಳಿಯಿತು. ಪೋಷಕರು ಶಾಲೆಯ ಟ್ರಸ್ಟಿನ ಕಾರ್ಯದರ್ಶಿಗಳ ಹತ್ತಿರ ದೂರು ಕೊಂಡೊಯ್ದರು: ಆ ಮಿಸ್ಸು ಬರೀ ಕಿರುಚುತ್ತಾರೆ, ಮಕ್ಕಳಿಗೆ ಒಂದೂ ತಲೆಗೆ ಹತ್ತುವುದಿಲ್ಲ.

ಕಾರ್ಯದರ್ಶಿ ದೊರೈರಾಜು ಅವರದು ಹಲಸೂರಿನಲ್ಲಿ ಮರದ ಡಿಪೋ. ಮನಸ್ಸು ಕೆಟ್ಟದ್ದಲ್ಲ, ಆದರೆ ನಷ್ಟ ಕಂಡರೆ ತಡೆಯುವವರಲ್ಲ. ಮೇಡಂ ಎದುರಿಗೇ ನನ್ನನ್ನು ಕರೆದು ಹೇಳಿದರು: "ನೋಡಮ್ಮಾ ವನಜಾ, ಬೇಜಾರ್ ಮಾಡ್ಕೋಬೇಡ. ಈ ವರ್ಷ ಮುಗಿಸಿಬಿಡು. ಬರೋ ಜೂನ್‌ಗೆ ಬೇರೆ ಕಡೆ ನೋಡ್ಕೊ."

ನನ್ನ ಯಜಮಾನರಿಗೆ ಆಗ ಕೆಲಸವಿರಲಿಲ್ಲ, ಮನೆ ನನ್ನ ಸಂಬಳದಲ್ಲಿ ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಲೆಕ್ಕ ಹೇಳಿಕೊಡುವುದು ಬಿಟ್ಟರೆ ನನಗೆ ಬೇರೆ ಏನೂ ಬಾರದು. ಈಗ ಅದೂ ಬಾರದು ಎಂದು ಹೇಳಿದ ಹಾಗಾಯಿತು. ಮೇಡಂ, "ಪರೀಕ್ಷೆ ಇನ್ನೂ ದೂರ ಇದೆಯಲ್ಲ ಸರ್," ಎಂದಷ್ಟೇ ಹೇಳಿ ನನ್ನನ್ನು ಹೊರಗೆ ಕಳಿಸಿದರು.

ಮರುದಿನದಿಂದ ಮೇಡಂ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂರತೊಡಗಿದರು. ದಿನವೂ ಬರುವರು, ಕೈಕಟ್ಟಿ ಕೂರುವರು, ಎದ್ದು ಹೋಗುವರು. ವಾರದ ಕೊನೆಗೆ ನಾನೇ ತಡೆಯಲಾರದೆ ಕೇಳಿದೆ.

"ನನ್ನ ಪಾಠದಲ್ಲಿ ಏನು ತಪ್ಪಿದೆ ಹೇಳಿಬಿಡಿ ಮೇಡಂ."

"ಪಾಠ ಚೆನ್ನಾಗಿದೆ. ಆದ್ರೆ ಇಷ್ಟು ದಿನ ಕೂತಿದ್ದೆ, ಒಂದು ಮಗೂನೂ ಒಂದು ಪ್ರಶ್ನೆ ಕೇಳಲಿಲ್ಲವಲ್ಲ?"

"ನನ್ನ ತರಗತಿಯಲ್ಲಿ ಶಿಸ್ತಿದೆ ಮೇಡಂ."

"ಶಿಸ್ತಲ್ಲ ವನಜಾ ಮಿಸ್. ಅವಕ್ಕೆ ನಿಮ್ಮಷ್ಟು ಗಂಟಲಿಲ್ಲ."

ಮಕ್ಕಳಿಗೆ ನನ್ನ ಮಾತು ಕೇಳಿಸಬೇಕು ಎಂದು ಗಂಟಲು ಹರಿದುಕೊಂಡಿದ್ದೆ. ಅವರ ಮಾತು ನನಗೆ ಕೇಳಿಸಬೇಕು ಎಂಬುದು ಹೊಳೆದೇ ಇರಲಿಲ್ಲ. ನನಗೆ ಮಾತ್ರವಲ್ಲ, ಗಂಟಲು ನೋಡಿ ಕೋಣೆ ಹಂಚುತ್ತಿದ್ದ ಯಾರಿಗೂ ಹೊಳೆದಿರಲಿಲ್ಲ.

ಮೇಡಂ ಮೊದಲು ಹೋದದ್ದು ಬಶೀರರ ಶೆಡ್ಡಿಗೆ. ಅದುವರೆಗೆ ನಮ್ಮವರು ಕಿಟಕಿಯಿಂದಲೇ ಅವರನ್ನು ಬೈಯುತ್ತಿದ್ದರು, ಅವರು ಸುತ್ತಿಗೆಯಿಂದಲೇ ಉತ್ತರ ಕೊಡುತ್ತಿದ್ದರು. ಮೇಡಂ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಬಶೀರ್ ಮಡ್‌ಗಾರ್ಡು ಪಕ್ಕಕ್ಕಿಟ್ಟು ಎದ್ದರು.

"ಏನ್ಮಾಡ್ಲಿ ಆಪಾ, ಹೊಟ್ಟೆ ಪ್ರಶ್ನೆ. ತಗಡು ಮೆತ್ತಗೆ ಬಡಿದ್ರೆ ನೆಟ್ಟಗಾಗಲ್ಲ."

"ಬಡೀಬೇಡ ಅಂತ ನಾನು ಎಲ್ಲಿ ಅಂದೆ? ನಿಮ್ಮದೂ ಕೆಲಸಾನೇ. ಕಿವಿಗೆ ಹತ್ತಿ ಆದ್ರೂ ಇಟ್ಕೋಬಾರ್ದಾ?"

"ಹಾಂ?" ಎಂದರು ಬಶೀರ್, ಕೈಯನ್ನು ಕಿವಿಗೆ ಹಿಡಿದು. ಎರಡನೇ ಸಲ ಹೇಳಿದ ಮೇಲೆ ನಕ್ಕರು. "ನನ್ನ ಕಿವಿ ಹೋಗಿ ಜಮಾನಾ ಆಯ್ತು ಆಪಾ."

ಶೆಡ್ಡಿನ ಹಿಂಭಾಗದಲ್ಲಿ ಬಡಿಯಲು ಜಾಗ ಮಾಡಿಕೊಳ್ಳುತ್ತೇನೆ, ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನದ ಮೇಲಷ್ಟೇ ಸುತ್ತಿಗೆ ಎತ್ತುತ್ತೇನೆ ಎಂದು ಅವರು ಒಪ್ಪಿದರು. ಆದರೆ ದಿನದ ಕೆಲಸ ದಿನವೂ ಇರುತ್ತದೆ ಎಂದೂ ಹೇಳಿದರು. ಅದು ನ್ಯಾಯವೇ. ಸದ್ದು ಕಡಿಮೆಯಾಗಬಹುದಿತ್ತು, ನಿಲ್ಲುವಂತಿರಲಿಲ್ಲ.

ಹಾಗಾಗಿ ಮೇಡಂ ದೊರೈರಾಜು ಅವರ ಕಡೆ ತಿರುಗಿದರು. ಕಾರ್ಯದರ್ಶಿಗಳಿಗೆ ಭಾಷಣವೆಂದರೆ ಪ್ರಾಣ. ಸ್ವಾತಂತ್ರ್ಯ ದಿನದಂದು ಅವರು ಮೈಕ್ ಹಿಡಿದರೆ ಮಕ್ಕಳು ಬಿಸಿಲಿಗೆ ಒಬ್ಬೊಬ್ಬರಾಗಿ ಕುಸಿದು ಕೂರುತ್ತಿದ್ದರು. "ಹತ್ತನೇ ತರಗತಿಗೆ ನಾಲ್ಕು ಬುದ್ಧಿಮಾತು ಹೇಳಿ ಸರ್," ಎಂದು ಮೇಡಂ ಕರೆದರು. ಬಶೀರ್ ಇನ್ನೂ ಜಾಗ ಬದಲಾಯಿಸಿರಲಿಲ್ಲ. ಬದಲಾಯಿಸುವ ಮೊದಲೇ ಬೇಕೆಂದೇ ಕರೆದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ದೊರೈರಾಜು ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಜೀವನದಲ್ಲಿ..." ಎಂದರು. ಎದುರಿನಿಂದ ಢಣ್ ಎಂದಿತು. ಮತ್ತೆ, "ಜೀವನದಲ್ಲಿ..." ಢಣ್, ಢಣ್. ದನಿ ಏರಿಸಿದರು. ಹಿಂದಿನ ಬೆಂಚಿನಿಂದ, "ಕೇಳ್ಸಲ್ಲ ಸಾರ್!" ಎಂದಿತು ಒಂದು ದನಿ. ಅವರು ಮೈಕಿಲ್ಲದೆ ಮೈಕಿನಷ್ಟು ಕೂಗಿದರು. ಮುಖ ಕೆಂಪಾಯಿತು. ಯಾರೋ ಕಿಸಕ್ಕೆಂದರು. "ಏಯ್! ಎನ್ನ ಸಿರಿಪ್ಪು? ಏನು ನಗೋದು?" ಎಂದು ಗದರಿ, ಕೆಮ್ಮು ಹತ್ತಿ, ನೀರು ಕೇಳಿ, ಭಾಷಣವನ್ನು ಜೀವನದಲ್ಲೇ ನಿಲ್ಲಿಸಿ ಹೊರಗೆ ಬಂದರು. ಅವರ ಅತಿ ಚಿಕ್ಕ ಭಾಷಣ ಅದೇ.

ಪಡಸಾಲೆಯಲ್ಲಿ ಮೇಡಂ ಮೆಲ್ಲಗೆ ಹೇಳಿದರು: "ವನಜಾ ಮಿಸ್‌ಗೆ ಇದು ದಿನಾ ಸರ್."

ಕೆಲಸ ಉಳಿಯಿತು ಎಂದುಕೊಂಡೆ. ದೊರೈರಾಜು ನೀರು ಕುಡಿದು, ತಲೆದೂಗಿ, ನನ್ನ ಕಡೆ ಕನಿಕರದಿಂದ ನೋಡಿ ಹೇಳಿದರು: "ಪಾವಂ. ಇದು ಹೆಂಗಸರ ಗಂಟಲಿಗೆ ಆಗೋ ಕೆಲ್ಸ ಅಲ್ಲ ಬಿಡಿ. ನಮ್ಮ ಡಿಪೋ ಹತ್ರ ಒಬ್ಬ ಟ್ಯೂಷನ್ ಮಾಡ್ತಾನೆ, ಒಳ್ಳೇ ಸಿಂಹದ ಗಂಟಲು. ಅವನ್ನ ಹಾಕೋಣ."

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ಹೇಳಿದರು: "ಸಿಂಹಾನೂ ಎರಡು ವರ್ಷಕ್ಕೆ ಬೆಕ್ಕಾಗುತ್ತೆ ಸರ್, ಆ ಕೋಣೇಲಿ. ಅದರ ಬದ್ಲು ಹತ್ತನೇ ತರಗತಿ ನನ್ನ ಆಫೀಸಿಗೆ ಹೋಗ್ಲಿ. ನಾನು ಬೀದಿ ಕೋಣೆಗೆ ಬರ್ತೀನಿ."

ಮುಖ್ಯೋಪಾಧ್ಯಾಯರ ಕಚೇರಿ ಶಾಲೆಯ ಹಿಂಭಾಗದಲ್ಲಿತ್ತು. ಬಾದಾಮಿ ಮರದ ನೆರಳಿನ ದೊಡ್ಡ ಕೋಣೆ. ಗೋಡೆಯ ಮೇಲೆ ಟ್ರಸ್ಟಿನ ಹಿರಿಯರ ಫೋಟೋಗಳು, ದೊರೈರಾಜು ಅವರ ತಂದೆಯವರದೂ ಒಂದು.

"ಅಯ್ಯೋ, ಎನ್ನಮ್ಮಾ ಇದು! ಹೆಡ್‌ಮಿಸ್ಸು ಬೀದೀಲಿ ಕೂರೋದಾ? ಬಂದೋರು ಏನಂತಾರೆ?"

"ನನ್ನ ಕೆಲಸ ಹೆಚ್ಚಾಗಿ ಸಹಿ ಹಾಕೋದು. ಸಹಿಗೆ ಕಿವಿ ಬೇಡ ಸರ್."

"ಅಪ್ಪನ ಫೋಟೋ?"

"ಮಕ್ಕಳ ಜೊತೇಲೇ ಇರ್ಲಿ. ಅವರು ಕಟ್ಟಿಸಿದ ಶಾಲೇಲಿ ಪಾಠ ಹೇಗೆ ನಡೆಯುತ್ತೆ ನೋಡ್ತಾ ಇರ್ಲಿ."

ತಂದೆಯವರ ಹೆಸರು ಬಂದ ಮೇಲೆ ದೊರೈರಾಜು ವಾದಿಸಲಿಲ್ಲ. ಈ ಒಂದು ಪರೀಕ್ಷೆ ನೋಡೋಣ, ಆಮೇಲೆ ಜೂನ್ ಮಾತು ಜೂನ್‌ನಲ್ಲಿ ಎಂದರು. ಎಲ್ಲವೂ ಈಗ ಆ ಒಂದು ಪರೀಕ್ಷೆಯ ಮೇಲೆ ನಿಂತಿತು. ಮೇಡಂ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಬೆಂಚು ಸಾಗಿಸೋದು. ಇವತ್ತು ಮನೇಲಿ ಯಾರ ಹತ್ರಾನೂ ಮಾತಾಡ್ಬೇಡಿ, ಗಂಟಲಿಗೆ ರಜ," ಎಂದರು. ವೈದ್ಯರ ಹತ್ತಿರವೂ ಅವರೇ ಕಳಿಸಿದರು. ದನಿಗೆ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ, ಕೊಡದಿದ್ದರೆ ಇಲ್ಲ ಎಂದು ವೈದ್ಯರು ನೇರವಾಗಿ ಹೇಳಿದರು.

ಹೊಸ ಕೋಣೆಯ ಮೊದಲ ದಿನ ನಾನು ಅಭ್ಯಾಸದಂತೆ ಎದೆ ಉಬ್ಬಿಸಿ, "ತ್ರಿಭುಜದ ಮೂರು ಕೋನಗಳು!" ಎಂದೆ. ಗೋಡೆಗಳು ಆ ಮಾತನ್ನು ನನ್ನ ಮುಖಕ್ಕೇ ಎಸೆದವು. ಮುಂದಿನ ಬೆಂಚಿನ ಶಬಾನಾ ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಹೇಳಿದಳು: "ಮಿಸ್, ಕೇಳ್ಸುತ್ತೆ ಮಿಸ್."

ತರಗತಿಯೇ ನಕ್ಕಿತು. ನಾನೂ ನಕ್ಕೆ. ಆ ಶಾಲೆಯಲ್ಲಿ ನಾನು ನಗಬಲ್ಲೆ ಎಂದು ಮಕ್ಕಳಿಗೆ ಗೊತ್ತಾದದ್ದು ಅವತ್ತೇ ಇರಬೇಕು. ಮೆಲ್ಲಗೆ ಮಾತಾಡುವುದು ನನಗೆ ಸುಲಭವಾಗಲಿಲ್ಲ. ಸೈಕಲ್ ಇಳಿದ ಮೇಲೂ ಪೆಡಲು ತುಳಿದ ಹಾಗೆ ದನಿ ತಾನಾಗಿಯೇ ಏರುತ್ತಿತ್ತು. ಆದರೆ ಆ ವಾರವೇ ಪ್ರಶ್ನೆಗಳು ಶುರುವಾದವು. ಹಿಂದಿನ ಬೆಂಚಿನವನೊಬ್ಬ ಋಣಸಂಖ್ಯೆಗಳ ಬಗ್ಗೆ ಏಳನೇ ತರಗತಿಯಿಂದ ಹೊತ್ತುಕೊಂಡು ಬಂದಿದ್ದ ಅನುಮಾನವನ್ನು ಹೊರಗೆ ಹಾಕಿದ. ಅವನ ಹಿಂದೆ ಉಳಿದವರು. ಅವರು ಎಲ್ಲಿ ಎಡವುತ್ತಿದ್ದಾರೆ ಎಂದು ತಿಳಿದ ಮೇಲೆ ಮುಂದಿನದನ್ನು ಹೇಳಿಕೊಡುವುದು ಕಷ್ಟವಲ್ಲ. ಅದು ನನಗೆ ಬರುತ್ತಿದ್ದ ಕೆಲಸವೇ.

ಫಲಿತಾಂಶ ಬಂದ ದಿನ ದೊರೈರಾಜು ಸಿಹಿ ಹಿಡಿದುಕೊಂಡು ಬಂದರು. ಎಲ್ಲರೂ ಪಾಸಾಗಿರಲಿಲ್ಲ, ಆದರೆ ಹಿಂದಿನ ವರ್ಷದವರ ಪಕ್ಕದಲ್ಲಿಟ್ಟರೆ ಬೇರೆ ಶಾಲೆಯ ಮಕ್ಕಳೋ ಎನ್ನುವ ಹಾಗಿತ್ತು. "ನಾನು ಅವತ್ತು ಮಾಡಿದ ಭಾಷಣ ಕೆಲ್ಸ ಮಾಡಿದೆ, ನೋಡಿದ್ರಾ?" ಎಂದರು. "ಹೌದು ಸರ್, ಅದರಿಂದಲೇ," ಎಂದು ಮೇಡಂ ಒಂದು ಚೂರೂ ನಗದೆ ಹೇಳಿದರು. ಸುಳ್ಳೇನೂ ಅಲ್ಲ. ಜೂನ್ ಬಂತು, ಹೋಯಿತು. ನನ್ನನ್ನು ಬೇರೆ ಕಡೆ ನೋಡಿಕೊ ಎಂದು ಮತ್ತೆ ಯಾರೂ ಹೇಳಲಿಲ್ಲ.

ಮೇಡಂ ಬೀದಿ ಕೋಣೆಯಲ್ಲಿ ನಿವೃತ್ತಿಯವರೆಗೂ ಕೂತರು. ಬಶೀರ್ ಶೆಡ್ಡಿನ ಹಿಂಭಾಗಕ್ಕೆ ಹೋದ ಮೇಲೆ ಸದ್ದು ಅರ್ಧವಾಗಿತ್ತು. ಕಿಟಕಿಗೆ ದಪ್ಪ ಗಾಜು ಹಾಕಿಸಿದ ಮೇಲೆ ಇನ್ನಷ್ಟು ಇಳಿಯಿತು. ದೂರವಾಣಿ ಬಂದರೆ ಮೇಡಂ ಕಿಟಕಿ ತೆರೆದು, "ಬಶೀರ್, ಎರಡು ಮಿನಿಟ್!" ಎನ್ನುವರು. ಅಲ್ಲಿ ಸುತ್ತಿಗೆ ನಿಲ್ಲುವುದು. ಮುಗಿದ ಮೇಲೆ, "ಹೌ, ಶುರು ಮಾಡು!" ಎನ್ನುವರು. ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಬಂದು ಇದನ್ನು ಕಂಡು ಬೆರಗಾಗಿದ್ದರು. ಅವರನ್ನು ಸುಧಾರಿಸಲು ಶೆಡ್ಡಿನಿಂದಲೇ ಚಹಾ ಬರುತ್ತಿತ್ತು.

ನಿವೃತ್ತರಾದ ಮೇಲೆ ಅವರು ಕೋಲಾರದ ತಮ್ಮನ ಮನೆಗೆ ಹೋದರು. ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಕೆಲವು ವರ್ಷಗಳ ಮೇಲೆ ಅವರ ತಮ್ಮನೇ ಫೋನು ಮಾಡಿದರು, ನಿದ್ದೆಯಲ್ಲೇ ಹೋದರಂತೆ. ನಾನು ಅವರನ್ನು ಕಣ್ಣಾರೆ ಕಂಡದ್ದು ಅವರು ಶಾಲೆ ಬಿಟ್ಟ ದಿನವೇ ಕೊನೆ.

ಆ ಮಧ್ಯಾಹ್ನ ಅಂಗಳದಲ್ಲಿ ಬೀಳ್ಕೊಡುಗೆ. ಕೊನೆಯ ಪಾಠ ನನ್ನದಿತ್ತು. ಗಂಟೆ ಹೊಡೆಯಿತು. ಗಂಟೆಯಾದ ಮೇಲೆ ಒಂದು ಅಕ್ಷರವನ್ನೂ ಬರೆಯುವವಳಲ್ಲ ನಾನು. ಸೀಮೆಸುಣ್ಣದ ಕಡ್ಡಿ ಕೆಳಗಿಟ್ಟೆ. ಆಗ ಮೂಲೆಯಲ್ಲಿ ಕೂತ ಹುಡುಗಿಯೊಬ್ಬಳು ಎದ್ದಳು. ಆ ವರ್ಷವೆಲ್ಲ ಬಾಯಿ ತೆರೆದವಳಲ್ಲ, ದನಿಯೂ ಗುಬ್ಬಿಯಷ್ಟು. "ಮಿಸ್, ಕೊನೇ ಹೆಜ್ಜೆ ಎಲ್ಲಿಂದ ಬಂತು ಗೊತ್ತಾಗ್ಲಿಲ್ಲ."

ಅಂಗಳದಲ್ಲಿ ದೊರೈರಾಜು ಮೈಕ್ ಪರೀಕ್ಷಿಸುತ್ತಿದ್ದರು. ನಾನು ಹೊರಡಲೋ ನಿಲ್ಲಲೋ ಎಂದು ಬಾಗಿಲ ಕಡೆ ನೋಡಿದೆ. ಮೇಡಂ ಕೊರಳಲ್ಲಿ ಹಾರದೊಂದಿಗೆ ಅಲ್ಲಿ ನಿಂತಿದ್ದರು. ನನ್ನನ್ನು ಕರೆದೊಯ್ಯಲು ಬಂದಿದ್ದರೋ ಏನೋ. ಹುಡುಗಿಯ ಮಾತು ಅವರಿಗೂ ಕೇಳಿಸಿತ್ತು. ಅಂಗೈ ಎತ್ತಿ ನನಗೆ ಹಲಗೆಯ ಕಡೆ ತೋರಿಸಿದರು.

ನಾನು ಕಡ್ಡಿ ತೆಗೆದುಕೊಂಡು ಲೆಕ್ಕವನ್ನು ಮೊದಲಿನಿಂದ ಬರೆದೆ. ಒಂದೊಂದು ಹೆಜ್ಜೆಗೂ ಹಿಂದಿರುಗಿ ಹುಡುಗಿಯ ಮುಖ ನೋಡಿದೆ. ಕೊನೆಯದರಲ್ಲಿ ಅವಳ ಹುಬ್ಬು ಸಡಿಲವಾಯಿತು. "ಹೂಂ ಮಿಸ್, ಬಂತು," ಎಂದಳು. ಅದನ್ನು ಅವರೂ ನೋಡಲಿ ಎಂದು ಬಾಗಿಲ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.